ಸರ್ಕಾರದ ಸಹಾಯಧನ: ಅರ್ಜಿ ಹಾಕುವ ಮುಂಚೆ

ಕೇಳುಗರೆಲ್ಲರಿಗೂ ನಮಸ್ಕಾರ.

"ಸರ್ಕಾರ ಸಬ್ಸಿಡಿ ಕೊಡುತ್ತದಂತೆ, ಎಷ್ಟು ಸಿಗುತ್ತದೆ?" ಸಣ್ಣ ಉದ್ದಿಮೆ ಶುರು ಮಾಡಬೇಕು ಅನ್ನುವವರು ಮೊದಲು ಕೇಳುವುದು ಇದನ್ನೇ. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ಹಣ ಯಾವಾಗ ಬರುತ್ತದೆ? ಯಾವ ಖಾತೆಗೆ ಹೋಗುತ್ತದೆ? ಇದು ಗೊತ್ತಿಲ್ಲದೆ ಕೈಸಾಲ ಮಾಡಿ ಯಂತ್ರ ತಂದು, ಆಮೇಲೆ ಪರದಾಡುವವರನ್ನು ನೋಡಿದರೆ ಸಂಕಟವಾಗುತ್ತದೆ.

ಒಂದು ಲೆಕ್ಕ ನೋಡೋಣ. ಹಳ್ಳಿಯ ಹೆಣ್ಣುಮಗಳೊಬ್ಬಳು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡುವ ಘಟಕ ಹಾಕಬೇಕು ಅಂದುಕೊಂಡಿದ್ದಾಳೆ ಅನ್ನಿ. ಗಿರಣಿ, ರೊಟ್ಟಿ ಯಂತ್ರ, ಪ್ಯಾಕಿಂಗ್ ಯಂತ್ರ, ದಿನದಿನದ ಖರ್ಚಿಗೆ ಬೇಕಾದ ದುಡಿಯುವ ಬಂಡವಾಳ ಎಲ್ಲ ಸೇರಿ 10 ಲಕ್ಷ ರೂಪಾಯಿ. ಜಾಗದ ಬೆಲೆಯನ್ನು ಇದರಲ್ಲಿ ಸೇರಿಸುವಂತಿಲ್ಲ. ಅವಳು 2008ರಲ್ಲಿ ಶುರುವಾದ ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಗೆ ಅರ್ಜಿ ಹಾಕುತ್ತಾಳೆ. ಹೆಣ್ಣುಮಗಳಾದ್ದರಿಂದ ತನ್ನ ಕೈಯಿಂದ ಹಾಕಬೇಕಾದ್ದು ಶೇಕಡಾ 5, ಅಂದರೆ 50 ಸಾವಿರ. ಉಳಿದ ಒಂಬತ್ತೂವರೆ ಲಕ್ಷ ಬ್ಯಾಂಕ್ ಸಾಲ. ಹಳ್ಳಿಯಲ್ಲಿ ಅವಳಿಗೆ ಸಿಗುವ ಸಬ್ಸಿಡಿ ಶೇಕಡಾ 35, ಮೂರೂವರೆ ಲಕ್ಷ.

ಈಗ ಗಮನವಿಟ್ಟು ಕೇಳಿ. ಆ ಮೂರೂವರೆ ಲಕ್ಷ ಅವಳ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಅವಳ ಹೆಸರಲ್ಲಿ 3 ವರ್ಷ ಠೇವಣಿಯಾಗಿ ಕೂರುತ್ತದೆ. ಠೇವಣಿಗೆ ಬಡ್ಡಿ ಇಲ್ಲ, ಸಾಲದಲ್ಲಿ ಅಷ್ಟು ಮೊತ್ತಕ್ಕೂ ಬಡ್ಡಿ ಹಾಕುವುದಿಲ್ಲ. ಘಟಕ ನಡೆಯುತ್ತಿದೆಯೇ ಅಂತ ಸ್ಥಳಕ್ಕೆ ಬಂದು ಪರಿಶೀಲಿಸಿದ ಮೇಲೆ ಅದನ್ನು ಸಾಲಕ್ಕೆ ಜಮಾ ಮಾಡುತ್ತಾರೆ. ಹಾಗಾಗಿ ಸಾಲದ ಕಂತು ಶುರುವಾಗುವ ಹೊತ್ತಿಗೆ ಅದನ್ನು ಕಟ್ಟುವಷ್ಟು ವ್ಯಾಪಾರ ಆಗುತ್ತದೆಯೇ ಅನ್ನುವುದೇ ಮುಖ್ಯ. ರೊಟ್ಟಿ ಯಾರು ಕೊಳ್ಳುತ್ತಾರೆ? ಖಾನಾವಳಿಯೇ, ಹಾಸ್ಟೆಲ್ಲೇ, ಪೇಟೆಯ ಅಂಗಡಿಯೇ? ದಿನಕ್ಕೆ ಎಷ್ಟು, ಯಾವ ಬೆಲೆಗೆ? ಅರ್ಜಿಯ ಜೊತೆ ಕೊಡುವ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬ್ಯಾಂಕ್ ಮ್ಯಾನೇಜರು ಹುಡುಕುವುದೂ ಇದನ್ನೇ. ಬೇರೆಯವರ ರಿಪೋರ್ಟು ನಕಲು ಮಾಡಿ ತಂದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತದೆ.

ಇನ್ನೂ ಎರಡು ಮಾತು. ಪಿಎಂಇಜಿಪಿಯ ಈ ಶೇಕಡಾ 35ರ ಸಬ್ಸಿಡಿ ಹೊಸ ಘಟಕಕ್ಕೆ. ಸಾಲ ಮಂಜೂರಾಗುವ ಮುಂಚೆ ಯಂತ್ರ ಕೊಳ್ಳಬೇಡಿ, ಕೊಟೇಶನ್ ಮಾತ್ರ ತನ್ನಿ. 10 ಲಕ್ಷದವರೆಗಿನ ಇಂಥ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ. ಕೇಳಿದರೆ ಮೆತ್ತಗೆ, ಆದರೆ ಬಿಡದೆ, ಈ ನಿಯಮ ನೆನಪಿಸಿ. ತರಬೇತಿಗೆ ರುಡ್‌ಸೆಟಿ, ಆರ್‌ಸೆಟಿ ಅನ್ನುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಕೇಂದ್ರಗಳಿವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿಯ ಮಾದರಿಯೇ ಆಮೇಲೆ ದೇಶಕ್ಕೆಲ್ಲ ಹಬ್ಬಿದ್ದು. ಊಟ, ವಸತಿ, ಪಾಠ ಎಲ್ಲ ಉಚಿತ.

ಈಗಾಗಲೇ ಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ, ಬೆಲ್ಲ ಮಾಡುತ್ತಿರುವವರು ಏನು ಮಾಡಬೇಕು? ಅವರಿಗೆ ಪಿಎಂಎಫ್‌ಎಂಇ ಇದೆ, ಕಿರು ಆಹಾರ ಸಂಸ್ಕರಣೆಯ ಯೋಜನೆ. ಕೇಂದ್ರದ ಶೇಕಡಾ 35ಕ್ಕೆ ನಮ್ಮ ರಾಜ್ಯ 15 ಸೇರಿಸಿ ಶೇಕಡಾ 50 ಮಾಡಿತು, ಗರಿಷ್ಠ 15 ಲಕ್ಷ. ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40 ಸಾವಿರದವರೆಗೆ ಬೀಜಧನ, ಅಂದರೆ ಆರಂಭದ ಬಂಡವಾಳವೂ ಉಂಟು. ಅರ್ಜಿ, ರಿಪೋರ್ಟು ತಯಾರಿಸಿಕೊಡಲು ಪ್ರತಿ ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿಗಳಿದ್ದಾರೆ, ಅವರ ಸಂಭಾವನೆ ಯೋಜನೆಯೇ ಕೊಡುತ್ತದೆ. ಆದ್ದರಿಂದ "ಶೇಕಡಾ ಇಷ್ಟು ಕೊಡಿ, ಸಬ್ಸಿಡಿ ಮಾಡಿಸಿಕೊಡುತ್ತೇನೆ" ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪಿಎಂಇಜಿಪಿಗೂ ಯಾವ ಏಜೆಂಟರನ್ನೂ ನೇಮಿಸಿಲ್ಲ. ಹಾಂ, ಯೋಜನೆಗಳಿಗೆ ಅವಧಿ ಅಂತ ಇರುತ್ತದೆ. ಪಿಎಂಇಜಿಪಿಗೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ, ಪಿಎಂಎಫ್‌ಎಂಇಗೆ ಕೃಷಿ ಇಲಾಖೆಯಲ್ಲಿ ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಅಂತ ಮೊದಲು ವಿಚಾರಿಸಿ.

ಸಾಲದ ತಂಟೆಯಿಲ್ಲದ ಅನುದಾನವೂ ಇದೆ, ಆದರೆ ಹೊಸ ಆವಿಷ್ಕಾರಕ್ಕೆ ಮಾತ್ರ. ರಾಜ್ಯದ ಎಲಿವೇಟ್ ಸ್ಪರ್ಧೆಯಲ್ಲಿ ಗೆದ್ದ ಸ್ಟಾರ್ಟಪ್‌ಗೆ 50 ಲಕ್ಷದವರೆಗೆ ಸಿಗುತ್ತದೆ. ಜೈವಿಕ ತಂತ್ರಜ್ಞಾನದವರಿಗೆ ಕೇಂದ್ರದ ಬೈರಾಕ್ ಸಂಸ್ಥೆ ಇಷ್ಟೇ ಮೊತ್ತದವರೆಗೆ ಕೊಡುತ್ತದೆ. ಕೊನೇ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಿಗೂ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಿಂದ ನೆರವು ಉಂಟು. ಪ್ರಾಧ್ಯಾಪಕರೇ, ಸಂಶೋಧಕರೇ, ನೀವು ನೋಡಬೇಕಾದ್ದು ಎಎನ್‌ಆರ್‌ಎಫ್, ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ. ಹಳೆಯ ಎಸ್‌ಇಆರ್‌ಬಿ, ಅಂದರೆ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ, ಈಗ ಇದರೊಳಗೇ ಸೇರಿದೆ.

ಸೇವಾಸಂಸ್ಥೆಗಳ ಕಷ್ಟ ಬೇರೆ ಥರ. ಕೇಂದ್ರದ ಅನುದಾನ ಬೇಕಾದರೆ, ಸೇವಾಸಂಸ್ಥೆಗಳು ನೋಂದಾಯಿಸಿಕೊಳ್ಳುವ ಎನ್‌ಜಿಒ ದರ್ಪಣ್ ಪೋರ್ಟಲ್‌ನ ಗುರುತಿನ ಸಂಖ್ಯೆ ಬೇಕು. ಹಣ ಬಂದ ಮೇಲೆ, ಯಾವ ಕೆಲಸಕ್ಕೆ ಎಷ್ಟು ಖರ್ಚಾಯಿತು ಅಂತ ಬಳಕೆ ಪ್ರಮಾಣಪತ್ರ ಕೊಡಬೇಕು, ಅದರ ನಮೂನೆ ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 12-ಎ. ಅನುದಾನದ ಹಣಕ್ಕೆ ಬ್ಯಾಂಕಿನಲ್ಲಿ ಬಂದ ಬಡ್ಡಿಯೂ ಸರ್ಕಾರದ್ದೇ, ಅದನ್ನು ಲೆಕ್ಕ ತೋರಿಸಿ ಕಟ್ಟಬೇಕು. ಒಳ್ಳೇ ಕೆಲಸ ಮಾಡುವ ಚಿಕ್ಕ ಸಂಸ್ಥೆಗಳಿಗೆ ಎರಡನೇ ಕಂತು ನಿಲ್ಲುವುದು ಬಹಳ ಸಲ ಬಳಕೆ ಪ್ರಮಾಣಪತ್ರ ಅನ್ನುವ ಈ ಒಂದು ಕಾಗದ ಕೊಡದ್ದಕ್ಕೇ. ಆದ್ದರಿಂದ ಅನುದಾನಕ್ಕೆ ಪ್ರತ್ಯೇಕ ಖಾತೆ ತೆರೆಯಿರಿ, ಬಿಲ್ಲುಗಳನ್ನು ಅಂದಂದೇ ಫೈಲಿಗೆ ಸೇರಿಸಿ, ಲೆಕ್ಕಪರಿಶೋಧಕರನ್ನು ಮಾರ್ಚ್‌ವರೆಗೆ ಕಾಯದೆ ನಡುವೆ ಒಮ್ಮೆ ಕರೆದು ತೋರಿಸಿ. ನಮಸ್ಕಾರ.