ಲೆಕ್ಕ ಹಾಕಿದವರು ಎಲ್ಲಿ ನಿಂತಿರುತ್ತಾರೆ?

ಎಲ್ಲರಿಗೂ ನಮಸ್ಕಾರ. ಇವತ್ತು ಸೆಪ್ಟೆಂಬರ್ 15. ರಾಜ್ಯದ ಒಂದೊಂದು ಎಂಜಿನಿಯರಿಂಗ್ ಕಾಲೇಜಿನಲ್ಲೂ ಈಗ ಯಾರೋ ಒಬ್ಬರು ವಿಶ್ವೇಶ್ವರಯ್ಯನವರ ಬಗ್ಗೆ ಮಾತಾಡುತ್ತಿರುತ್ತಾರೆ, ನನಗಿಂತ ಚೆನ್ನಾಗಿಯೇ ಮಾತಾಡುತ್ತಿರುತ್ತಾರೆ. ಹಾಗಾಗಿ ಸರ್ ಎಂವಿ ಅವರಿಗೆ ಕೈಮುಗಿದು ನಾನು ಬೇರೆ ವಿಷಯಕ್ಕೆ ಬರುತ್ತೇನೆ.

ನನ್ನನ್ನು ಕರೆದವರು ಫೋನಿನಲ್ಲಿ ಹೇಳಿದ್ದು ಇಷ್ಟು: "ಸರ್, ಈ ಸಲ ಪ್ಲೇಸ್‌ಮೆಂಟ್ ಸ್ವಲ್ಪ ಡಲ್ಲು. ಸೇನೆಯಲ್ಲಿ ಏನಾದರೂ ಇದೆಯಾ ಅಂತ ಹುಡುಗರಿಗೆ ಹೇಳಿಬಿಡಿ." ನನಗೆ ಸಣ್ಣದಾಗಿ ಸಿಟ್ಟು ಬಂತು. ಕಂಪನಿ ಬಂದರೆ ಕಂಪನಿ, ಬರದಿದ್ದರೆ ಸೇನೆ! ಆದರೂ ಬಂದೆ. ಊಟ ಚೆನ್ನಾಗಿರುತ್ತದೆ ಅಂತ ಕೇಳಿದ್ದೆ.

2024ರ ಜುಲೈ 30, ವಯನಾಡಿನ ಭೂಕುಸಿತ. ಅದೆಲ್ಲ ನಿಮಗೆ ಗೊತ್ತೇ ಇದೆ. ಚೂರಲ್‌ಮಲೆಯ ಸೇತುವೆ ಕೊಚ್ಚಿಹೋಗಿತ್ತು. ಆಚೆ ದಡದಲ್ಲಿ ಮುಂಡಕ್ಕೈ. ಅಲ್ಲಿಗೆ ಜೆಸಿಬಿ ಹೋಗಬೇಕು, ಆಂಬುಲೆನ್ಸ್ ಹೋಗಬೇಕು. ಸೇತುವೆ ಕಟ್ಟಲು ಹೊರಟವರು ನಮ್ಮವರು, ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರ್ ಪಡೆ. ಹೆಸರು ಮದ್ರಾಸ್, ಇರುವುದು ಬೆಂಗಳೂರಿನ ಹಲಸೂರು ಕೆರೆ ಪಕ್ಕ. 1780ರಲ್ಲಿ ಶುರುವಾದ ಪಡೆ. ಸಾಮಾನು ಸ್ವಲ್ಪ ಬೆಂಗಳೂರಿನಿಂದ ಲಾರಿಯಲ್ಲಿ ಹೋಯಿತು, ಸ್ವಲ್ಪ ದೆಹಲಿಯಿಂದ ವಿಮಾನದಲ್ಲಿ ಕಣ್ಣೂರಿಗೆ ಬಂತು. ಆಗಸ್ಟ್ 1ರ ಸಂಜೆಗೆ ಸೇತುವೆ ರೆಡಿ. 190 ಅಡಿ ಉದ್ದ, 24 ಟನ್ ತಡೆಯುತ್ತದೆ.

ಹೇಗೆ ಕಟ್ಟಿದರು? ಇದನ್ನು ಸ್ವಲ್ಪ ಹೇಳಲೇಬೇಕು, ತಡೆದುಕೊಳ್ಳಿ. ಅದು ಬೇಲಿ ಸೇತುವೆ. ಎರಡನೇ ಮಹಾಯುದ್ಧದ ಹೊತ್ತಿಗೆ ಡೊನಾಲ್ಡ್ ಬೇಲಿ ಎಂಬ ಬ್ರಿಟಿಷ್ ಎಂಜಿನಿಯರ್ ರೂಪಿಸಿದ್ದು. ಒಂದೊಂದು ಉಕ್ಕಿನ ಪ್ಯಾನಲ್ 10 ಅಡಿ ಉದ್ದ, ಸುಮಾರು 260 ಕಿಲೋ ತೂಕ. ಆರು ಜನ ಹೊತ್ತು ತರುತ್ತಾರೆ, ಕ್ರೇನ್ ಬೇಕಾಗಿಲ್ಲ. ಪಿನ್ ಹಾಕಿ ಒಂದಕ್ಕೊಂದು ಜೋಡಿಸುತ್ತಾರೆ. 190 ಅಡಿಗೆ ಎಷ್ಟು ತುಂಡು? ಹಿಂದಿನ ಬೆಂಚಿನವರು ಹೇಳಿ. ಹತ್ತೊಂಬತ್ತು. ಪರವಾಗಿಲ್ಲ, ಎಂಜಿನಿಯರಿಂಗ್ ಪಾಸಾಗುತ್ತೀರಿ.

ಮಜಾ ಇರುವುದು ಮುಂದೆ. ನದಿಯಲ್ಲಿ ಇಳಿದು ಕಟ್ಟುವುದಿಲ್ಲ. ನಮ್ಮ ದಡದಲ್ಲೇ ರೋಲರ್ ಮೇಲೆ ಸೇತುವೆ ಜೋಡಿಸಿ, ಹಾಗೇ ಆಚೆ ದಡಕ್ಕೆ ತಳ್ಳುತ್ತಾರೆ. ಅರ್ಧ ಸೇತುವೆ ನದಿಯ ಮೇಲೆ ಗಾಳಿಯಲ್ಲಿ ನಿಂತಿರುತ್ತದೆ. ಬೀಳುವುದಿಲ್ಲವೇ? ಅದಕ್ಕೇ ಮುಂದೆ ಹಗುರವಾದ ಮೂತಿಯೊಂದನ್ನು ಜೋಡಿಸುತ್ತಾರೆ, ಭಾರವೆಲ್ಲ ಹಿಂದೆ ಇಡುತ್ತಾರೆ. ಆ ಮೂತಿ ಆಚೆ ದಡ ಮುಟ್ಟುವವರೆಗೆ ಗುರುತ್ವ ಕೇಂದ್ರ ರೋಲರಿನ ಈಚೆಗೇ ಇರಬೇಕು. ಆಚೆ ಜಾರಿತೋ, ಸೇತುವೆ ನೀರಿಗೆ. ಕಷ್ಟಪಟ್ಟು ಬಾಯಿಪಾಠ ಮಾಡಿದಿರಲ್ಲ ಮೊಮೆಂಟ್, ಭಾರ ಎಷ್ಟು ದೂರದಿಂದ ಎಷ್ಟು ತಿರುಗಿಸುತ್ತದೆ ಅನ್ನುವ ಲೆಕ್ಕ, ಇದು ಅದೇ. ವಯನಾಡಿನಲ್ಲಿ ತಂಡ ನಡೆಸಿದ ಅಧಿಕಾರಿಗಳಲ್ಲಿ ಒಬ್ಬರು ಮೇಜರ್ ಸೀತಾ ಶೆಲ್ಕೆ, ಮಹಾರಾಷ್ಟ್ರದವರು. ಓದಿದ್ದು ಮೆಕ್ಯಾನಿಕಲ್. ಸಿವಿಲ್‌ನವರು ಬೇಜಾರು ಮಾಡಿಕೊಳ್ಳಬೇಡಿ.

ನಾನು ಹೇಳಬೇಕಾದದ್ದು ಇದೊಂದೇ. ಆ ಲೆಕ್ಕ ಹಾಕಿದವರು ಆ ರೋಲರ್ ಪಕ್ಕದಲ್ಲೇ ಮಳೆಯಲ್ಲಿ ನಿಂತಿದ್ದರು. ಸೇನೆಯ ಹೊರಗೆ ಹಾಗಲ್ಲ. ಡಿಸೈನ್ ಒಂದು ಊರಿನಲ್ಲಿ, ಕೆಲಸ ಇನ್ನೊಂದು ಊರಿನಲ್ಲಿ, ತಪ್ಪಾದರೆ ಮೇಲ್ ಮೂರನೇ ಊರಿನಿಂದ. ಸೇನೆಯಲ್ಲಿ ಲೆಕ್ಕ, ಕೆಲಸ, ಅದನ್ನು ಮಾಡುವ ಜನ, ಎಲ್ಲ ಒಬ್ಬರದೇ ಜವಾಬ್ದಾರಿ. ಇಪ್ಪತ್ತೈದನೇ ವಯಸ್ಸಿಗೇ.

ಮೊನ್ನೆ ಒಬ್ಬ ತಂದೆ ಕೇಳಿದರು, "ಸರ್, ಮಗಳು ಕಂಪ್ಯೂಟರ್ ಸೈನ್ಸ್. ಬಂದೂಕು ಹಿಡಿದು ಏನು ಮಾಡುತ್ತಾಳೆ?" ಬಂದೂಕು ಹಿಡಿಯುವುದನ್ನೂ ಕಲಿಯುತ್ತಾಳೆ, ಅದು ಸುಳ್ಳಲ್ಲ. ಆದರೆ ಸಿಗ್ನಲ್ಸ್ ಕೋರ್ ಅಂತ ಇದೆ, ಸೇನೆಯ ಸಂಪರ್ಕ ಜಾಲವೆಲ್ಲ ಅವರದ್ದು. ಟ್ಯಾಂಕು, ರೇಡಾರು ರಿಪೇರಿಗೆ ಇಎಂಇ ಅನ್ನುವ ವಿಭಾಗ ಇದೆ. ಅಲ್ಲೂ ಅದೇ ಮಾತು. ಲಡಾಖಿನ ಚಳಿಯಲ್ಲಿ ರೇಡಿಯೊ ಸೆಟ್ ಸತ್ತರೆ ಸರ್ವಿಸ್ ಸೆಂಟರಿಗೆ ಫೋನ್ ಮಾಡುವಂತಿಲ್ಲ, ಸರ್ವಿಸ್ ಸೆಂಟರೇ ನೀವು. ಇನ್ನೊಂದು ಗೊಂದಲ: ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಬೇರೆ, ಸೇನೆ ಬೇರೆ. ಅಲ್ಲಿನ ವಿಜ್ಞಾನಿಗಳು ಸಮವಸ್ತ್ರದವರಲ್ಲ. ಅದೂ ಒಳ್ಳೆಯ ಕೆಲಸವೇ, ಆದರೆ ಇವತ್ತಿನ ವಿಷಯ ಅದಲ್ಲ.

ಸರಿ, ದಾರಿಗಳು. ಬಿಇ ಆದವರಿಗೆ ಭೂಸೇನೆಯಲ್ಲಿ ತಾಂತ್ರಿಕ ದಾರಿ ಎರಡು. ಟಿಜಿಸಿ, ಅಂದರೆ ತಾಂತ್ರಿಕ ಪದವೀಧರರ ಕೋರ್ಸ್: ತರಬೇತಿ ಡೆಹ್ರಾಡೂನಿನ ಸೇನಾ ಅಕಾಡೆಮಿ ಐಎಂಎಯಲ್ಲಿ, ಕಾಯಂ ನೌಕರಿ. ಎಸ್‌ಎಸ್‌ಸಿ ಟೆಕ್, ಅಂದರೆ ಅಲ್ಪಾವಧಿ ಸೇವೆ: ತರಬೇತಿ ಚೆನ್ನೈನ ಅಧಿಕಾರಿಗಳ ಅಕಾಡೆಮಿ ಒಟಿಎಯಲ್ಲಿ, ಸೇವೆ 10 ವರ್ಷ, ಬೇಕಾದರೆ ಇನ್ನೂ 4. ಎರಡಕ್ಕೂ ವಯಸ್ಸು 20ರಿಂದ 27. ಲಿಖಿತ ಪರೀಕ್ಷೆ ಇಲ್ಲ. ನಿಮ್ಮ ಅಂಕ ನೋಡಿ ನೇರ ಅಧಿಕಾರಿಗಳನ್ನು ಆರಿಸುವ ಮಂಡಳಿಗೆ, ಅಂದರೆ ಎಸ್‌ಎಸ್‌ಬಿಗೆ ಕರೆಯುತ್ತಾರೆ. ಹಾಗಾಗಿ ಸೆಮಿಸ್ಟರ್ ಅಂಕವನ್ನು ಸುಮ್ನೆ ಕಳೆದುಕೊಳ್ಳಬೇಡಿ. ಬಿಎಸ್‌ಸಿ ಮಕ್ಕಳಿಗೆ ಸಿಡಿಎಸ್ ಪರೀಕ್ಷೆ ಇದೆ, ವಾಯುಪಡೆಯ ಪರೀಕ್ಷೆ ಎಎಫ್‌ಕ್ಯಾಟ್ ಇದೆ, ಎನ್‌ಸಿಸಿ ಸಿ ಸರ್ಟಿಫಿಕೇಟ್ ಇದ್ದರೆ ಅದರದ್ದೇ ದಾರಿ ಇದೆ. ವಾಯುಪಡೆಯ ತಾಂತ್ರಿಕ ಅಧಿಕಾರಿಗಳು ಕಲಿಯುವುದು ನಮ್ಮ ಜಾಲಹಳ್ಳಿಯಲ್ಲೇ. ನೌಕಾಪಡೆ ಬೇಕೆಂದರೆ ತರಬೇತಿ ಕೇರಳದ ಎಳಿಮಲದಲ್ಲಿ.

ಎಸ್‌ಎಸ್‌ಬಿ ಐದು ದಿನ. ಬೆಂಗಳೂರಿನಲ್ಲೂ ಇದೆ, ವಾಯುಪಡೆಯದ್ದು ಮೈಸೂರಿನಲ್ಲಿ. ಮೊದಲ ದಿನವೇ ಅರ್ಧಕ್ಕಿಂತ ಜಾಸ್ತಿ ಜನ ವಾಪಸ್ ಹೊರಡುವುದೂ ಉಂಟು. ಆಮೇಲೆ ಹಗ್ಗ, ಹಲಗೆ, ಡ್ರಮ್ಮು ಕೊಟ್ಟು "ಇದನ್ನು ದಾಟಿ" ಅನ್ನುತ್ತಾರೆ. ಇದಕ್ಕೆ ಕೋಚಿಂಗ್ ಸೆಂಟರ್‌ಗೆ ದುಡ್ಡು ಸುರಿಯುವವರಿದ್ದಾರೆ. ನಾನು ಹೇಳುವುದು ಬೇರೆ. ಹಾಸ್ಟೆಲ್ ಹುಡುಗರ ಜೊತೆ ಸೇರಿ ಊರ ಹಬ್ಬಕ್ಕೆ ಒಂದು ಪೆಂಡಾಲ್ ಹಾಕಿ ನೋಡಿ. ಯಾರು ಕಿರುಚುತ್ತಾರೆ, ಯಾರು ಕೆಲಸ ಮಾಡುತ್ತಾರೆ ಅಂತ ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ. ಅಲ್ಲಿ ನೋಡುವುದೂ ಅದನ್ನೇ.

ಪ್ರಿನ್ಸಿಪಾಲರು ಗಡಿಯಾರ ತೋರಿಸುತ್ತಿದ್ದಾರೆ. ಇನ್ನೂ ಸೈಬರ್, ಡ್ರೋನ್, ಐಐಟಿಗೆ ಎಂಟೆಕ್ ಮಾಡಲು ಸೇನೆಯೇ ಕಳಿಸುವ ವಿಚಾರ, ಎಲ್ಲ ಬರೆದುಕೊಂಡಿದ್ದೆ. ಹೋಗಲಿ. ಹೆಣ್ಣುಮಕ್ಕಳಿಗೆ ಒಂದು ಮಾತು: 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಭೂಸೇನೆಯಲ್ಲಿ ಮಹಿಳೆಯರಿಗೂ ಪರ್ಮನೆಂಟ್ ಕಮಿಷನ್, ಅಂದರೆ ಅಧಿಕಾರಿಯಾಗಿ ಕಾಯಂ ನೌಕರಿ ಕೊಡಿ ಎಂದಿತು. ಸಂಬಳ ಕೇಳುವುದಕ್ಕೆ ನಾಚಿಕೊಳ್ಳುತ್ತಿದ್ದೀರಿ, ನಾನೇ ಹೇಳುತ್ತೇನೆ. ಲೆಫ್ಟಿನೆಂಟಿನ ಮೂಲ ವೇತನ 56,100 ರೂಪಾಯಿಯಿಂದ ಶುರು, ಮೇಲೆ ಸೈನಿಕ ಸೇವಾ ವೇತನ 15,500, ಭತ್ಯೆ ಬೇರೆ. ದೊಡ್ಡ ಐಟಿ ಪ್ಯಾಕೇಜಿಗೆ ಇದು ಸಮ ಅಲ್ಲ. ವರ್ಗಾವಣೆ ತಪ್ಪಿದ್ದಲ್ಲ, ಮನೆಯವರು ಒಂದು ಕಡೆ ನೀವು ಒಂದು ಕಡೆ. ಪಿಂಚಣಿಗೆ ಅಧಿಕಾರಿಗೆ 20 ವರ್ಷ ಸೇವೆ ಬೇಕು, 10 ವರ್ಷಕ್ಕೆ ಹೊರಬಂದರೆ ಇಲ್ಲ. ಇದನ್ನು ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕುವುದಿಲ್ಲ, ಮನೆಯಲ್ಲಿ ಮೊದಲೇ ಕೂತು ಮಾತಾಡಿ.

ಕನ್ನಡಕದವರು ಹೆದರಬೇಡಿ, ಟೆಕ್ನಿಕಲ್ ಎಂಟ್ರಿಗೆ ಒಂದು ಮಿತಿಯವರೆಗೆ ಒಪ್ಪುತ್ತಾರೆ. ಹಿಂದೆ ಕೈ ಎತ್ತಿದ್ದೀಯಲ್ಲಮ್ಮ, ನೀನು ಕೇಳು. ಮೈಕ್ ಅಲ್ಲಿಗೆ ಕೊಡಿ.