ಎಂಟನೇ ಸ್ಥಾನದಿಂದ ಮೊದಲನೇ ಸ್ಥಾನಕ್ಕೆ: ಐಜ್ವಾಲ್ ಗೆದ್ದ ಐ-ಲೀಗ್

ಎಲ್ಲರಿಗೂ ನಮಸ್ಕಾರ.

ಭಾರತದ ಫುಟ್‌ಬಾಲ್ ಲೀಗ್‌ಗಳ ಬಗ್ಗೆ ಮಾತಾಡಿ ಅಂತ ಸಂಘಟಕರು ಕೇಳಿದ್ದರು. ಅಷ್ಟು ದೊಡ್ಡ ವಿಷಯಕ್ಕೆ ಈ ಸಂಜೆ ಸಾಲುವುದಿಲ್ಲ. ಹಾಗಾಗಿ ಒಂದೇ ಒಂದು ಸೀಸನ್ ಆರಿಸಿಕೊಂಡಿದ್ದೇನೆ. 2016-17ರ ಐ-ಲೀಗ್, ಆಗ ದೇಶದ ಮೊದಲ ದರ್ಜೆಯ ಲೀಗ್. ಮಿಜೋರಾಂನ ಐಜ್ವಾಲ್ ಎಫ್‌ಸಿ ಚಾಂಪಿಯನ್ ಆದ ವರ್ಷ. ಕೊನೆಯ ಅಂಕಪಟ್ಟಿ ನಿಮ್ಮಲ್ಲಿ ತುಂಬಾ ಜನರಿಗೆ ಬಾಯಿಪಾಠ ಇದೆ ಅಂತ ಗೊತ್ತು. ಐಜ್ವಾಲ್ 37, ಮೋಹನ್ ಬಾಗಾನ್ 36, ಈಸ್ಟ್ ಬೆಂಗಾಲ್ 33, ಬೆಂಗಳೂರು ಎಫ್‌ಸಿ 30. ಹತ್ತು ತಂಡ, ಒಬ್ಬೊಬ್ಬರಿಗೂ 18 ಪಂದ್ಯ, ಕೊನೆಗೆ ಒಂದೇ ಅಂಕದ ವ್ಯತ್ಯಾಸ.

ಆದರೆ ಕಥೆ ಶುರುವಾಗುವುದು ಅದರ ಹಿಂದಿನ ವರ್ಷದ ಅಂಕಪಟ್ಟಿಯಿಂದ. ಅದನ್ನು ಯಾರೂ ನೆನಪಿಟ್ಟುಕೊಂಡಿರುವುದಿಲ್ಲ.

2015-16ರಲ್ಲಿ ಲೀಗ್‌ನಲ್ಲಿ ಒಂಬತ್ತೇ ತಂಡ. ಐಜ್ವಾಲ್ ಆಗಷ್ಟೇ ಎರಡನೇ ಡಿವಿಷನ್ ಗೆದ್ದು ಮೇಲೆ ಬಂದಿತ್ತು. ಸೀಸನ್ ಮುಗಿದಾಗ ಅದು ಎಂಟನೇ ಸ್ಥಾನದಲ್ಲಿತ್ತು. ಒಂಬತ್ತನೆಯದು ಡಿಎಸ್‌ಕೆ ಶಿವಾಜಿಯನ್ಸ್. ಈಗ ಹೇಳಿ, ಹಿಂಬಡ್ತಿ, ಅಂದರೆ ಕೆಳಗಿನ ದರ್ಜೆಗೆ ಇಳಿಯುವುದು, ಯಾರಿಗೆ ಆಗಬೇಕು? ಎಂಟನೆಯವರಿಗೆ ಆಯಿತು! ಶಿವಾಜಿಯನ್ಸ್ ಕಾರ್ಪೊರೇಟ್ ತಂಡವಾಗಿ ನೇರ ಪ್ರವೇಶ ಪಡೆದಿತ್ತು. ಅಂಥ ತಂಡಗಳಿಗೆ ಆರಂಭದ ವರ್ಷಗಳಲ್ಲಿ ಹಿಂಬಡ್ತಿ ಇಲ್ಲ ಅಂತ ನಿಯಮ. ಕೊನೆಯವರು ಉಳಿದರು, ಅವರಿಗಿಂತ ಮೇಲಿದ್ದವರು ಹೋದರು.

ನಾನು ಇವತ್ತು ಇಲ್ಲಿ ಹೇಳಬೇಕು ಅಂತ ಬಂದಿರುವುದು ಒಂದೇ ಮಾತು. ಲೀಗ್‌ನಲ್ಲಿ ಜಾಗವನ್ನು ಮೈದಾನದಲ್ಲಿ ಗಳಿಸಬೇಕು, ಮೈದಾನದಲ್ಲೇ ಕಳೆದುಕೊಳ್ಳಬೇಕು. ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ.

ಆ ಹಿಂಬಡ್ತಿಯ ವರ್ಷವೇ ಐಜ್ವಾಲ್ ಫೆಡರೇಷನ್ ಕಪ್‌ನಲ್ಲಿ ಏನು ಮಾಡಿತು ನೋಡಿ. ಕ್ವಾರ್ಟರ್ ಫೈನಲ್‌ನಲ್ಲಿ ಲೀಗ್ ಚಾಂಪಿಯನ್ ಬೆಂಗಳೂರನ್ನೇ ಹೊರಗೆ ಕಳಿಸಿತು. ಇಲ್ಲಿ ಕೂತಿರುವ ನೀಲಿ ಜೆರ್ಸಿಯವರಿಗೆ ಆ ನೋವು ಇನ್ನೂ ಇರಬಹುದು. ಗುವಾಹಟಿಯ ಫೈನಲ್‌ನಲ್ಲಿ ಮೋಹನ್ ಬಾಗಾನ್ ಐದು ಗೋಲು ಹೊಡೆದು ಗೆದ್ದಿತು, ಅದೂ ನಿಜ. ಆದರೆ ಫೈನಲ್ ತನಕ ಹೋದ ತಂಡ ಮೊದಲ ದರ್ಜೆಯಲ್ಲಿ ಆಡಲು ಲಾಯಕ್ಕಿಲ್ಲ ಅಂತ ಹೇಗೆ ಹೇಳುತ್ತೀರಿ?

ಮತ್ತೆ ಹೇಗೆ ಒಳಗೆ ಬಂದರು? ಇಲ್ಲಿ ನನ್ನ ವಾದಕ್ಕೆ ಒಂದು ಕೊಕ್ಕೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಆ ಹೊತ್ತಿಗೆ ಐಎಸ್‌ಎಲ್, ಅಂದರೆ ಫ್ರಾಂಚೈಸಿ ತಂಡಗಳ ಇಂಡಿಯನ್ ಸೂಪರ್ ಲೀಗ್ ಅನ್ನು ದೇಶದ ಮೊದಲ ದರ್ಜೆ ಮಾಡಿ, ಐ-ಲೀಗ್ ಅನ್ನು ಕೆಳಗೆ ತಳ್ಳುವ ಯೋಜನೆ ಓಡಾಡುತ್ತಿತ್ತು. ಅದನ್ನು ವಿರೋಧಿಸಿ ಗೋವಾದ ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಕ್ಲಬ್‌ಗಳು ಲೀಗ್ ಬಿಟ್ಟವು. ಎರಡನೇ ಡಿವಿಷನ್ ಗೆದ್ದು ವಾಪಸ್ ಬರಬೇಕಿದ್ದ ಡೆಂಪೊ ಕೂಡ ಹಿಂದೆ ಸರಿಯಿತು. ಡೆಂಪೊ ಅಂದರೆ ಸುಮ್ನೆ ಅಲ್ಲ, ಐದು ಸಲ ರಾಷ್ಟ್ರೀಯ ಲೀಗ್ ಗೆದ್ದ ಕ್ಲಬ್. ತಂಡಗಳು ಕಮ್ಮಿಯಾದವು. ಆಗ ಭಾರತದ ಫುಟ್‌ಬಾಲ್ ಫೆಡರೇಷನ್ ಐಜ್ವಾಲ್‌ಗೆ ಮತ್ತೆ ಜಾಗ ಕೊಟ್ಟಿತು.

ಅಂದರೆ ಐಜ್ವಾಲ್ ಆ ಸಲ ಮೈದಾನದಲ್ಲಿ ಗೆದ್ದು ವಾಪಸ್ ಬರಲಿಲ್ಲ, ಆಫೀಸಿನ ತೀರ್ಮಾನದಿಂದ ಬಂತು. ಇದನ್ನು ಎತ್ತಿ ನನ್ನ ಜೊತೆ ವಾದಿಸುವವರು ಇದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟು. ಐಜ್ವಾಲ್ ಅನ್ನು ಹೊರಗೆ ಹಾಕಿದ್ದೂ ಆಫೀಸಿನ ನಿಯಮವೇ. ಕೊನೆಯ ಸ್ಥಾನದ ತಂಡ ಕೆಳಗಿಳಿಯುತ್ತದೆ ಅನ್ನುವ ಸರಳ ಲೆಕ್ಕ ಇದ್ದಿದ್ದರೆ ಇವರು ಹೋಗುತ್ತಲೇ ಇರಲಿಲ್ಲ, ಕರೆಯುವ ಪ್ರಮೇಯವೂ ಬರುತ್ತಿರಲಿಲ್ಲ. ಹಿಂದಿನ ವರ್ಷ ಬೇಡವಾದವರು ಮುಂದಿನ ವರ್ಷ ಚಾಂಪಿಯನ್ ಆಗುತ್ತಾರೆ ಅಂದರೆ, ಯಾರು ಲಾಯಕ್ಕು, ಯಾರು ಅಲ್ಲ ಅಂತ ಆಫೀಸಿನಲ್ಲಿ ಕೂತು ಊಹಿಸುವುದು ಎಷ್ಟು ಅಪಾಯ ಅಂತ ಅರ್ಥವಾಗುತ್ತದೆ ಅಲ್ವಾ?

ಈಗ ತಂಡದ ಬಗ್ಗೆ. ಕೋಚ್ ಖಾಲಿದ್ ಜಮೀಲ್. ಸುಮಾರು ಏಳು ವರ್ಷ ಮುಂಬೈ ಎಫ್‌ಸಿ ತಂಡದ ಕೋಚ್ ಆಗಿದ್ದವರು. ದೊಡ್ಡ ಆಟಗಾರರಿಲ್ಲದ ತಂಡವನ್ನು ವರ್ಷ ವರ್ಷವೂ ಹಿಂಬಡ್ತಿಯಿಂದ ಬಚಾವ್ ಮಾಡುವುದೇ ಅವರ ಕೆಲಸವಾಗಿತ್ತು. 2016ರಲ್ಲಿ ಆ ನಂಟು ಮುಗಿಯಿತು. ಅವರು ಐಜ್ವಾಲ್‌ಗೆ ಬಂದರು. ತಮ್ಮ ಹಳೇ ತಂಡದಲ್ಲಿ ಆಡಿದ್ದ ಅಶುತೋಷ್ ಮೆಹ್ತಾ, ಜಯೇಶ್ ರಾಣೆ ಅವರನ್ನು ಇಲ್ಲಿಗೂ ಕರೆತಂದರು. ಗೋಲ್‌ಕೀಪರ್ ಗೋವಾದ ಆಲ್ಬಿನೊ ಗೋಮ್ಸ್. ಮಧ್ಯದಲ್ಲಿ ಸಿರಿಯಾದ ಮಹಮೂದ್ ಅಲ್ ಅಮ್ನಾ ಮತ್ತು ಲೈಬೀರಿಯಾದ ಆಲ್ಫ್ರೆಡ್ ಜಾರ್ಯಾನ್. ಮುಂದೆ ಐವರಿ ಕೋಸ್ಟ್‌ನ ಕಾಮೊ ಬಾಯಿ. ಉಳಿದವರಲ್ಲಿ ಹೆಚ್ಚಿನವರು ಮಿಜೋರಾಂ ಹುಡುಗರು. ಲಾಲ್‌ರುವಾತ್ತಾರಾ, ಲಾಲ್‌ರಾಮ್‌ಚುಲ್ಲೋವಾ, ಬ್ರಾಂಡನ್ ವನ್ಲಾಲ್‌ರೆಮ್ಡಿಕಾ, ಲಾಲ್ಡನ್ಮಾವಿಯಾ ರಾಲ್ಟೆ.

ಆ ಹುಡುಗರು ಎಲ್ಲಿಂದ ಬಂದರು ಅನ್ನುವುದು ಮುಖ್ಯ. 2011ರ ಜನಗಣತಿ ಪ್ರಕಾರ ಇಡೀ ಮಿಜೋರಾಂ ಜನಸಂಖ್ಯೆ ಸುಮಾರು 11 ಲಕ್ಷ. ಬೆಂಗಳೂರಿನ ಕೆಲವು ಬಡಾವಣೆ ಸೇರಿಸಿದರೆ ಅಷ್ಟು ಜನ ಸಿಗುತ್ತಾರೆ. ಅಲ್ಲಿ ಹಿಂದೆ ಒಳ್ಳೆಯ ಆಟಗಾರ ಅಂದರೆ ಊರು ಬಿಟ್ಟು ಹೋಗಬೇಕು ಅಂತಲೇ ಅರ್ಥ. ಶೈಲೊ ಮಾಲ್ಸಾಮ್‌ತ್ಲುವಾಂಗಾ ಟಾಟಾ ಅಕಾಡೆಮಿಗೆ ಹೋದರು, ಅಲ್ಲಿಂದ ಕೋಲ್ಕತ್ತಾಕ್ಕೆ. ಜೆಜೆ ಲಾಲ್‌ಪೆಖ್ಲುವಾ ಕೂಡ ಹೊರಗಿನ ಕ್ಲಬ್‌ಗಳಲ್ಲೇ ಹೆಸರು ಮಾಡಿದರು. 2012ರಲ್ಲಿ ಮಿಜೋರಾಂ ಪ್ರೀಮಿಯರ್ ಲೀಗ್ ಶುರುವಾಯಿತು. ಎರಡೇ ವರ್ಷದಲ್ಲಿ, 2014ರಲ್ಲಿ, ರಾಜ್ಯ ತಂಡ ಸಂತೋಷ್ ಟ್ರೋಫಿ ಗೆದ್ದಿತು. ಫೈನಲ್‌ನಲ್ಲಿ ರೈಲ್ವೇಸ್ ವಿರುದ್ಧ ಮೂರು ಗೋಲು. ಊರಲ್ಲೇ ಆಡಲು ಒಂದು ಲೀಗ್ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಸರಿ, ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. 2017ರ ಏಪ್ರಿಲ್ 22.

ಕೊನೆಯ ಎರಡು ಸುತ್ತು ಬಾಕಿ. ಐಜ್ವಾಲ್‌ಗೆ 33 ಅಂಕ, ಬಾಗಾನ್‌ಗೂ 33. ಪಂದ್ಯ ಐಜ್ವಾಲ್‌ನ ರಾಜೀವ್ ಗಾಂಧಿ ಕ್ರೀಡಾಂಗಣದಲ್ಲಿ. ಆ ಮೈದಾನದ ಚಿತ್ರ ನೋಡದವರು ಒಮ್ಮೆ ನೋಡಿ. ಗುಡ್ಡ ಕಡಿದು ಮಾಡಿದ ಜಾಗ, ಸುತ್ತ ಬೆಟ್ಟಗಳ ಸಾಲು. ಒಂದು ಕಡೆ 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್. ಹೈಟಿಯ ಸೋನಿ ನೋರ್ಡೆ, ಜಪಾನಿನ ಕತ್ಸುಮಿ ಯೂಸಾ ಇದ್ದ ತಂಡ. ಆ ಸೀಸನ್‌ನಲ್ಲಿ ಮಿಜೋರಾಂನ ಎಲ್ಲಕ್ಕಿಂತ ಹೆಸರುವಾಸಿ ಆಟಗಾರ ಜೆಜೆ ಇದ್ದದ್ದೂ ಬಾಗಾನ್ ಪಾಳಯದಲ್ಲೇ. ಇನ್ನೊಂದು ಕಡೆ ಹಿಂದಿನ ವರ್ಷ ಹಿಂಬಡ್ತಿ ಆಗಿದ್ದ ತಂಡ.

ಅರ್ಧ ಸಮಯ ಕಳೆಯಿತು, ಗೋಲಿಲ್ಲ. ಎಪ್ಪತ್ತು ನಿಮಿಷ ಕಳೆಯಿತು, ಗೋಲಿಲ್ಲ. ಇಂಥ ಪಂದ್ಯಗಳಲ್ಲಿ ದೊಡ್ಡ ತಂಡಕ್ಕೆ ಒಂದು ಅನುಕೂಲ ಇರುತ್ತದೆ. ಅವರು ಈ ಒತ್ತಡವನ್ನು ಮೊದಲೂ ಕಂಡಿರುತ್ತಾರೆ. ಅಂಥ ತಂಡದ ಎದುರು ಐಜ್ವಾಲ್ ಹೆದರಿ ಹಿಂದೆ ಕೂರಲಿಲ್ಲ. 83ನೇ ನಿಮಿಷ. ಕಾರ್ನರ್ ಬಂತು. ಡಿಫೆಂಡರ್ ಜೊಹ್ಮಿಂಗ್ಲಿಯಾನಾ ರಾಲ್ಟೆ ಎಗರಿ ತಲೆ ಕೊಟ್ಟ. ಗೋಲು! ಕೋಟಿಗಟ್ಟಲೆ ಕೊಟ್ಟು ತಂದ ಸ್ಟ್ರೈಕರ್ ಹೊಡೆದ ಗೋಲಲ್ಲ ಅದು. ಆ ಮಣ್ಣಿನ ಹುಡುಗ, ಆ ಮಣ್ಣಿನ ಜನರ ಎದುರೇ ಹೊಡೆದದ್ದು. ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಒಂದು ಸೊನ್ನೆ ಅಂತರದಲ್ಲಿ ಪಂದ್ಯ ಮುಗಿಯಿತು. ಐಜ್ವಾಲ್ 36, ಬಾಗಾನ್ 33. ಕೊನೆಯ ದಿನ ಡ್ರಾ ಆದರೂ ಸಾಕು.

ಡ್ರಾ ಸಾಕು ಅನ್ನುವ ಮಾತು ಕೇಳುವುದಕ್ಕೆ ಸುಲಭ. 2015ರ ಮೇ 31ರಂದು ಕಂಠೀರವದಲ್ಲಿ ಇದ್ದವರಿಗೆ ಇದು ಚೆನ್ನಾಗಿ ಗೊತ್ತು. ಅವತ್ತು ಬೆಂಗಳೂರು, ಬಾಗಾನ್ ನಡುವಿನ ಕೊನೆಯ ಲೀಗ್ ಪಂದ್ಯದಲ್ಲಿ ಡ್ರಾ ಸಾಕಾಗಿದ್ದದ್ದು ಬಾಗಾನ್‌ಗೆ. ಜಾನ್ ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದಿತ್ತು. ಕಪ್ ಇನ್ನೇನು ಕೈಗೆ ಬಂತು ಅನ್ನುವಾಗ, 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ಸಮ ಮಾಡಿದ. ಇನ್ನು ಮೂರು ನಿಮಿಷ ಇರುವಾಗ ಇಡೀ ಸೀಸನ್ ಕೈ ತಪ್ಪಿತು. ಸೋತವರಿಗೆ ಅಷ್ಟು ನೋವಾಗಿದ್ದು ಯಾಕೆ? ಆ ಪಂದ್ಯಕ್ಕೆ ಬೆಲೆ ಇತ್ತು ಅದಕ್ಕೆ.

ಏಪ್ರಿಲ್ 30, ಶಿಲ್ಲಾಂಗ್. ಎದುರಾಳಿ ಶಿಲ್ಲಾಂಗ್ ಲಾಜಾಂಗ್. ಐಜ್ವಾಲ್‌ನಿಂದ ಸಾವಿರಾರು ಜನ ಬೆಟ್ಟದ ರಸ್ತೆ ಹಿಡಿದು ಬಂದಿದ್ದರು. ಒಂಬತ್ತನೇ ನಿಮಿಷಕ್ಕೇ ಲಾಜಾಂಗ್‌ನ ಡಿಪಾಂಡಾ ಗೋಲು ಹೊಡೆದ. ಆ ಸೀಸನ್‌ನಲ್ಲಿ ಎಲ್ಲರಿಗಿಂತ ಜಾಸ್ತಿ, 11 ಗೋಲು ಹೊಡೆದದ್ದು ಅವನೇ. ಅತ್ತ ಕೋಲ್ಕತ್ತಾದಲ್ಲಿ ಬಾಗಾನ್, ಚೆನ್ನೈ ಸಿಟಿ ವಿರುದ್ಧ ಆಡುತ್ತಿತ್ತು. ಆ ಪಂದ್ಯವನ್ನು ಅವರು 2-1ರಲ್ಲಿ ಗೆದ್ದರು. ಅಂದರೆ ಇಲ್ಲಿ ಐಜ್ವಾಲ್ ಸೋತಿದ್ದರೆ ಇಬ್ಬರಿಗೂ 36 ಆಗುತ್ತಿತ್ತು. ಸುಮಾರು ಒಂದು ಗಂಟೆ ಹೊತ್ತು ಐಜ್ವಾಲ್ ಹಿಂದೆಯೇ ಇತ್ತು. 67ನೇ ನಿಮಿಷದಲ್ಲಿ ವಿಲಿಯಂ ಲಾಲ್ನುನ್ಫೆಲಾ ಸಮ ಮಾಡಿದ. ಮತ್ತೆ ಮಿಜೋ ಹುಡುಗನೇ! ಉಳಿದ ಸಮಯ ಹೇಗೋ ಹಿಡಿದುಕೊಂಡರು. ಈಶಾನ್ಯ ಭಾರತದ ಕ್ಲಬ್ ಒಂದು ದೇಶದ ಮೊದಲ ದರ್ಜೆಯ ಲೀಗ್ ಗೆದ್ದದ್ದು ಅದೇ ಮೊದಲು.

ಇನ್ನೊಂದು ವಿಷಯ ಇದೇ ಅಂಕಪಟ್ಟಿಯಲ್ಲಿದೆ. ಅದೇ ಸೀಸನ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಂದು ಹಿಂಬಡ್ತಿ ಪಡೆದ ತಂಡ ಯಾವುದು ಗೊತ್ತಾ? ಮುಂಬೈ ಎಫ್‌ಸಿ. ಖಾಲಿದ್ ವರ್ಷಗಟ್ಟಲೆ ಉಳಿಸಿಕೊಂಡು ಬಂದಿದ್ದ ತಂಡ. ಅಂಕಪಟ್ಟಿಯ ಮೇಲಿನ ತುದಿಯಲ್ಲಿ ಅವರು, ಕೆಳಗಿನ ತುದಿಯಲ್ಲಿ ಅವರ ಹಳೇ ಮನೆ. ಕೋಚ್‌ನ ಕೆಲಸ ಏನು ಅಂತ ಕೇಳುವವರಿಗೆ ನಾನು ಈ ಪಟ್ಟಿ ತೋರಿಸುತ್ತೇನೆ.

ಚೀಟಿ ಬಂತು, ಹತ್ತು ನಿಮಿಷ ಇದೆಯಂತೆ. ಐಎಸ್‌ಎಲ್ ಬಗ್ಗೆ ದೊಡ್ಡ ಭಾಗ ಬರೆದುಕೊಂಡು ಬಂದಿದ್ದೆ. ಬೇಗ ಹೇಳುತ್ತೇನೆ.

ಕಪ್ ಗೆದ್ದ ಖುಷಿ ಇಳಿಯುವ ಮುಂಚೆಯೇ ಮುಂದಿನ ವರ್ಷ ಯಾವ ಲೀಗ್, ಯಾರು ಎಲ್ಲಿ ಅನ್ನುವ ಗಲಾಟೆ ಶುರುವಾಯಿತು. ಚಾಂಪಿಯನ್ನರನ್ನೇ ಮೊದಲ ದರ್ಜೆಯಿಂದ ಹೊರಗಿಡಬೇಡಿ ಅಂತ ಐಜ್ವಾಲ್‌ನ ಮಾಲೀಕ ರಾಬರ್ಟ್ ರೊಮಾವಿಯಾ ರಾಯ್ಟೆ ಫೆಡರೇಷನ್ ಮುಂದೆ ಕೂಗಿ ಹೇಳಬೇಕಾಯಿತು. ಯೋಚನೆ ಮಾಡಿ. ಕಪ್ ಗೆದ್ದವರು ಜಾಗಕ್ಕಾಗಿ ಬೇಡಬೇಕು! 2017-18ರಿಂದ ಎರಡು ಲೀಗ್ ಒಟ್ಟೊಟ್ಟಿಗೆ ನಡೆದವು. ಬೆಂಗಳೂರು ಎಫ್‌ಸಿ ಐಎಸ್‌ಎಲ್‌ಗೆ ಹೋಯಿತು. ಐಜ್ವಾಲ್ ಐ-ಲೀಗ್‌ನಲ್ಲೇ ಉಳಿಯಿತು. ಬೆಂಗಳೂರಿನ ಮೇಲೆ ನನಗೆ ಕೋಪ ಇಲ್ಲ. ಮೊದಲ ವರ್ಷವೇ, 2013-14ರಲ್ಲಿ, ಮೈದಾನದಲ್ಲಿ ಗೆದ್ದು ತೋರಿಸಿದ ಕ್ಲಬ್ ಅದು. ನನ್ನ ತಕರಾರು ಪದ್ಧತಿಯ ಮೇಲೆ. ಫ್ರಾಂಚೈಸಿ ಹಣ ಕಟ್ಟಿದವರಿಗೆ ಜಾಗ ಅಂದಮೇಲೆ 11 ಲಕ್ಷ ಜನರ ರಾಜ್ಯ ಎಲ್ಲಿಗೆ ಹೋಗಬೇಕು?

ಒಂದು ತಮಾಷೆ ನೋಡಿ, 2018ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್‌ನಲ್ಲಿ ಬೆಂಗಳೂರು, ಐಜ್ವಾಲ್ ಒಂದೇ ಗುಂಪಿನಲ್ಲಿ ಬಿದ್ದವು. ಏಷ್ಯಾದಲ್ಲಿ ಒಂದೇ ಮೈದಾನದಲ್ಲಿ ಆಡಬಹುದು, ನಮ್ಮ ದೇಶದ ಲೀಗ್‌ನಲ್ಲಿ ಆಗುವುದಿಲ್ಲ.

2022-23ರಲ್ಲಿ ಐ-ಲೀಗ್ ಅಧಿಕೃತವಾಗಿ ಎರಡನೇ ದರ್ಜೆ ಆಯಿತು. ಅದನ್ನು ಗೆದ್ದ ಪಂಜಾಬ್ ಮೇಲೆ ಬಂತು, ಮುಂದಿನ ವರ್ಷ ಮೊಹಮ್ಮಡನ್ ಬಂತು. ಒಳ್ಳೆಯದೇ. ಆದರೆ 2024-25ರ ಸೀಸನ್ ಮುಗಿಯುವವರೆಗೆ ಐಎಸ್‌ಎಲ್‌ನಿಂದ ಒಂದು ತಂಡವೂ ಕೆಳಗಿಳಿದಿರಲಿಲ್ಲ. ಆ ತನಕ ಅರ್ಧ ಕೆಲಸ ಆಗಿತ್ತು. ಜಾಗವನ್ನು ಮೈದಾನದಲ್ಲಿ ಗಳಿಸಬಹುದಿತ್ತು, ಮೈದಾನದಲ್ಲಿ ಕಳೆದುಕೊಳ್ಳುವ ಭಯ ಮಾತ್ರ ಇರಲಿಲ್ಲ. ಲೀಗ್‌ನ ತಳದಲ್ಲಿದ್ದ ಎರಡು ತಂಡ ಮಾರ್ಚ್‌ನಲ್ಲಿ ಯಾಕೆ ಜೀವ ಬಿಟ್ಟು ಆಡಬೇಕಿತ್ತು ಹೇಳಿ?

ಯುವ ಆಟಗಾರರು, ಟಿವಿ ಹಕ್ಕು, ಕರ್ನಾಟಕದ ರಾಜ್ಯ ಲೀಗ್, ಇವನ್ನೆಲ್ಲ ಬಿಡುತ್ತಿದ್ದೇನೆ. ಒಂದು ಮಾತ್ರ ಹೇಳಿ ಕೂರುತ್ತೇನೆ. ಖಾಲಿದ್ ಜಮೀಲ್ ಆಮೇಲೆ ಈಸ್ಟ್ ಬೆಂಗಾಲ್, ನಾರ್ತ್‌ಈಸ್ಟ್ ಯುನೈಟೆಡ್, ಜಮ್ಶೆಡ್‌ಪುರ ಎಲ್ಲ ಸುತ್ತಿದರು. 2025ರ ಆಗಸ್ಟ್‌ನಲ್ಲಿ ಭಾರತ ತಂಡದ ಮುಖ್ಯ ಕೋಚ್ ಆದರು. ಆ ನೇಮಕದ ಸುದ್ದಿ ಬಂದಾಗ ಎಲ್ಲರೂ ಮೊದಲು ನೆನೆದದ್ದು 2017ರ ಐಜ್ವಾಲ್ ಅನ್ನೇ. ಅವರಿಗೆ ಆ ಅವಕಾಶ ಕೊಟ್ಟದ್ದು ಎಂಟನೇ ಸ್ಥಾನದ ಒಂದು ಸಣ್ಣ ಕ್ಲಬ್.

ಪ್ರಶ್ನೆಗಳಿದ್ದರೆ ಕೇಳಿ. ಹಿಂಬಡ್ತಿ ಬೇಡ ಅನ್ನುವವರು ಯಾರಾದರೂ ಇದ್ದರೆ ಅವರಿಂದಲೇ ಶುರು ಮಾಡೋಣ.