ಬಕೆಟ್ಟಿನ ತಳದ ನೀರು

ಕೇಳುಗರಿಗೆ ನಮಸ್ಕಾರ.

2021ರ ಮೇ 17 ನೆನಪಿದೆಯಾ? ತೌಕ್ತೆ ಚಂಡಮಾರುತ ನಮ್ಮ ಮುಂಬೈ ಪಕ್ಕದಲ್ಲೇ ಹಾದು ಗುಜರಾತಿನತ್ತ ಹೋದ ದಿನ. ಡೊಂಬಿವಲಿಯ ನಮ್ಮ ಮನೆಯಲ್ಲಿ ಕಿಟಕಿ ಸಂದಿಗೆ ಹಳೇ ಪಂಚೆ ತುರುಕಿದರೂ ನೀರು ಒಳಗೆ ಬರುತ್ತಿತ್ತು. ತೌಕ್ತೆ ಅನ್ನುವುದು ಮ್ಯಾನ್ಮಾರ್ ಕೊಟ್ಟ ಹೆಸರು. ಅವರ ಭಾಷೆಯಲ್ಲಿ ಅದೊಂದು ಜಾತಿಯ ಹಲ್ಲಿ. ಹಲ್ಲಿಗೆ ಇಷ್ಟು ಜೋರು ಎಲ್ಲಿಂದ ಬಂತು?

ಕಡಲಿನ ಬಿಸಿಯಿಂದ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಹಬೆ ಕೈಗೆ ತಾಗಿದೆ, ಅಲ್ವಾ? ಕುದಿನೀರಿಗಿಂತ ಜಾಸ್ತಿ ಸುಡುತ್ತದೆ. ಆವಿಯಾಗುವಾಗ ನುಂಗಿದ್ದ ಶಾಖವನ್ನೆಲ್ಲ ಹಬೆ ನಮ್ಮ ಕೈಮೇಲೆ ನೀರಾಗುತ್ತಾ ಬಿಟ್ಟುಕೊಡುತ್ತದೆ. ಚಂಡಮಾರುತದ ಹೊಟ್ಟೆಯೊಳಗೂ ಇದೇ ಕಥೆ. ಕಡಲಿನಿಂದ ಎದ್ದ ಆವಿ ಮೇಲೆ ಹೋಗಿ ಮೋಡವಾಗುವಾಗ ಶಾಖ ಬಿಡುತ್ತದೆ. ಗಾಳಿ ಹಗುರಾಗಿ ಇನ್ನೂ ಮೇಲೇರುತ್ತದೆ, ಕೆಳಗೆ ಒತ್ತಡ ಕುಸಿಯುತ್ತದೆ, ಸುತ್ತಲಿನ ಗಾಳಿ ನುಗ್ಗುತ್ತದೆ. ನುಗ್ಗಿದ ಗಾಳಿ ಮತ್ತಷ್ಟು ಆವಿ ಎಬ್ಬಿಸುತ್ತದೆ. ಇದಕ್ಕೆ ನೀರು ಸುಮಾರು 26.5 ಡಿಗ್ರಿಯಾದರೂ ಬೆಚ್ಚಗಿರಬೇಕು. ಆ ಮೇ ತಿಂಗಳಲ್ಲಿ ಅರಬ್ಬೀ ಸಮುದ್ರ 30 ದಾಟಿತ್ತು.

ಆದರೆ ಮೇಲಿನ ನೀರು ಮಾತ್ರ ನೋಡಿದರೆ ಸಾಲದು. ಬಕೆಟ್ಟಿಗೆ ಹೀಟರ್ ರಾಡ್ ಇಟ್ಟು ನೀರು ಕಾಯಿಸುವವರಿಗೆ ಇದು ಗೊತ್ತು. ಮೇಲೆ ಕೈ ಇಟ್ಟರೆ ಚುರ್ ಅನ್ನುತ್ತದೆ, ತಳದಲ್ಲಿ ತಣ್ಣಗೆ. ಸ್ವಿಚ್ ಆಫ್ ಮಾಡಿಯೇ ಕೈ ಇಡಿ, ಮಾರಾಯ್ರೆ! ಚೊಂಬಿನಿಂದ ಕಲಕಿದರೆ ಎಲ್ಲ ಉಗುರುಬೆಚ್ಚಗೆ. ಚಂಡಮಾರುತವೂ ಕಡಲನ್ನು ಹೀಗೇ ಕಲಕುತ್ತದೆ. ಅಡಿಯ ತಣ್ಣೀರು ಮೇಲೆ ಬಂತೋ, ತನ್ನ ಒಲೆಯನ್ನು ತಾನೇ ಆರಿಸಿಕೊಂಡ ಹಾಗೆ. ಬಿಸಿ ಆಳದವರೆಗೂ ಇದ್ದರೆ? ಎಷ್ಟು ಕಲಕಿದರೂ ಬಿಸಿಯೇ. 2005ರ ಆಗಸ್ಟಿನಲ್ಲಿ ಕತ್ರಿನಾ ಹರಿಕೇನ್ ಮೆಕ್ಸಿಕೊ ಕೊಲ್ಲಿಯ ಅಂಥದೇ ಆಳದ ಬಿಸಿ ಪ್ರವಾಹದ ಮೇಲೆ ಹಾದು ಐದನೇ ದರ್ಜೆಗೆ, ಅಂದರೆ ತುತ್ತತುದಿಗೆ, ಏರಿತು. ಹರಿಕೇನ್, ಸೈಕ್ಲೋನ್ ಎಲ್ಲ ಒಂದೇ, ಸೀಮೆಗೊಂದು ಹೆಸರು ಅಷ್ಟೆ.

ಹೀಗೆ ಬಿಸಿ ಸಿಕ್ಕು 24 ಗಂಟೆಯೊಳಗೆ ಚಂಡಮಾರುತದ ಗಾಳಿಯ ವೇಗ ಗಂಟೆಗೆ 55 ಕಿಲೋಮೀಟರ್‌ನಷ್ಟಾದರೂ ಹೆಚ್ಚಿದರೆ ಅದನ್ನು ದಿಢೀರ್ ಏರಿಕೆ ಅನ್ನುತ್ತಾರೆ. ರಾತ್ರಿ ಹೀಗಾಯಿತು ಅನ್ನಿ, ಮಲಗುವಾಗ ಕೇಳಿದ ಮುನ್ಸೂಚನೆ ಬೆಳಿಗ್ಗೆಗೆ ಹಳಸಿರುತ್ತದೆ.

ಜುಲೈಯಲ್ಲೂ ನೀರು ಬೆಚ್ಚಗೇ ಇರುತ್ತದಲ್ಲ, ಆಗ ಚಂಡಮಾರುತ ಏಳುವುದು ಯಾಕೆ ಅಪರೂಪ? ಮುಂಗಾರಿನಲ್ಲಿ ಕೆಳಗಿನ ಗಾಳಿ ಒಂದು ದಿಕ್ಕಿಗೆ, ಮೇಲಿನ ಗಾಳಿ ಇನ್ನೊಂದು ದಿಕ್ಕಿಗೆ. ಸುಳಿ ನೆಟ್ಟಗೆ ನಿಲ್ಲುವ ಮೊದಲೇ ಅದರ ತಲೆ ಹಾರಿಹೋಗುತ್ತದೆ. ಆ ದಿನಗಳಲ್ಲಿ ಮುಂಬೈಯ ತಗ್ಗು ಜಾಗ ಹಿಂದ್‌ಮಾತಾದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದಲ್ಲ, ಅದು ಬರೀ ಮಳೆಯ ಲೆಕ್ಕ.